ಅಮ್ಮ ಕೂರುತ್ತಿದ್ದ ಕಡೆ

ಲಾಸ್ ಮಿನಾ, ಸಾಂತೊ ದೊಮಿಂಗೊ
30 ಅಕ್ಟೋಬರ್ 1977

ಅಕ್ಕ ಮಿರೆಯಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು, ಯಾಕೆಂದು ನಿನಗೂ ಗೊತ್ತು. ಜೂನ್‌ನಲ್ಲಿ ಅಮ್ಮನ ಮಣ್ಣಿಗೆ ಊರಿಗೆ ಊರೇ ಬಂದಿತ್ತು, ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬರಲಿಲ್ಲ. ಆದರೆ ಈಗ ಬರೆಯದೆ ಗತಿಯಿಲ್ಲ. ಅಪ್ಪನ ತಲೆ ಕೆಡುತ್ತಿದೆ ಅನ್ನಿಸುತ್ತಿದೆ.

ಸುತ್ತಿ ಬಳಸಿ ಹೇಳುವುದಿಲ್ಲ. ಅಪ್ಪ ಕೆಂಪು ಟೋಪಿ ಹಾಕಿಕೊಂಡು ಬೇಸ್‌ಬಾಲ್ ಸ್ಟೇಡಿಯಂಗೆ ಹೋಗುತ್ತಿದ್ದಾನೆ.

ಮೊದಲು ಕ್ಷೌರದಂಗಡಿಯಲ್ಲಿ ಕೇಳಿದೆ. "ಏನಯ್ಯಾ ರದಾಮೆಸ್, ನಿಮ್ಮಪ್ಪ ಈ ವಯಸ್ಸಲ್ಲಿ ಧರ್ಮ ಬದಲಾಯಿಸಿದ್ನಂತೆ?" ಅಂತ ಒಬ್ಬ. "ಬಿಡ್ರೋ, ಪಾಪ, ಹೆಂಡ್ತಿ ಹೋದ್ಮೇಲೆ ಬಣ್ಣ ಕಾಣಿಸ್ತಿಲ್ಲ ಅನ್ಸುತ್ತೆ" ಅಂತ ಇನ್ನೊಬ್ಬ. ಜಗಳ ಆಡಿಕೊಂಡು ಅರ್ಧ ಗಡ್ಡದಲ್ಲೇ ಎದ್ದು ಬಂದೆ. ಆಮೇಲೆ ಕಣ್ಣಾರೆ ನೋಡಿದೆ. ನಾನು ಎಂದಿನಂತೆ ನಮ್ಮ ನೀಲಿ ತಂಡದವರ ಕಡೆ ಕೂತಿದ್ದೆ. ಮೈದಾನದಾಚೆ, ಮೂರನೇ ಬೇಸ್ ಹಿಂದೆ, ಒಂದಷ್ಟು ಹೆಂಗಸರ ನಡುವೆ ನಮ್ಮಪ್ಪ. ಕೆಂಪಿನವರು ರನ್ ಹೊಡೆದಾಗ ಮುಷ್ಟಿ ಎತ್ತಿದ. ನನ್ನ ನಾಮಕರಣಕ್ಕೆ ಕೆಂಪು ಅಂಚಿನ ಬಟ್ಟೆ ಸುತ್ತಿದ್ದರೆಂದು ಪಾದ್ರಿಯ ಹತ್ತಿರವೇ ಜಗಳಕ್ಕೆ ನಿಂತ ಮನುಷ್ಯ ಇವನು.

ಟೋಪಿ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಊಟದ ನಡುವೆ ಒಬ್ಬನೇ ನಗುತ್ತಾನೆ. ಏನಪ್ಪಾ ಅಂದರೆ "ಏನಿಲ್ಲ, ನಿಮ್ಮಮ್ಮ" ಅನ್ನುತ್ತಾನೆ. ಭಾನುವಾರದ ಊಟಕ್ಕೆ ನಮ್ಮಲ್ಲಿಗೆ ಬರುವುದನ್ನು ಮರೆಯುತ್ತಾನೆ. ತುಲಿಯೊ ದೊಡ್ಡಪ್ಪನಿಗೆ ಶುರುವಾಗಿದ್ದೂ ಹೀಗೇ ಅಲ್ಲವೇ? ಮೊದಲು ಬೇರೆಯವರ ಅಂಗಿ ಹಾಕಿಕೊಂಡ, ಆಮೇಲೆ ಮನೆ ದಾರಿ ಮರೆತ, ಕೊನೆಗೆ ಸೇತುವೆ ಹತ್ತಿರ ಲಾರಿಗೆ ಸಿಕ್ಕಿದ. ಆ ದಿನ ಆಸ್ಪತ್ರೆಯಲ್ಲಿ ಹೆಣ ಗುರುತಿಸಿದ್ದು ನಾನು. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ.

ಏನು ಮಾಡೋಣ ಹೇಳು.

ರದಾಮೆಸ್

*

ಮಾಯಾಗ್ವೆಸ್, ಪೋರ್ಟೊ ರಿಕೊ
12 ನವೆಂಬರ್ 1977

ರದಾಮೆಸ್,

ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ನಿನ್ನ ಕಾಗದ ಒಡೆದೆ. ಕೆಂಪು ಟೋಪಿಯ ಸಾಲು ಓದಿ ಜೋರಾಗಿ ನಕ್ಕುಬಿಟ್ಟೆ. ಮೀನು ಹೆಚ್ಚುವ ಹೆಂಗಸರೆಲ್ಲ ಚಾಕು ಹಿಡಿದುಕೊಂಡೇ ತಿರುಗಿ ನೋಡಿದರು. ಆಮೇಲೆ ದೊಡ್ಡಪ್ಪನ ಸಾಲಿಗೆ ಬಂದೆ. ಊಟದ ಡಬ್ಬಿ ಮುಚ್ಚಿಟ್ಟೆ.

ನಮ್ಮ ಮನೆಯ ಹಳೆಯ ದಿನಗಳೆಲ್ಲ ನೆನಪಾದವು. ನೀಲಿ–ಕೆಂಪು ಆಟವಿದ್ದ ದಿನ ಅಪ್ಪ ಅಮ್ಮ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿ, ಮದುವೆಗೆ ಹೊರಟವರ ಹಾಗೆ ಕೈಕೈ ಹಿಡಿದು ನಮ್ಮ ವೀಯಾ ಹ್ವಾನಾ ಬಡಾವಣೆಯ ಬೀದಿಗಳಲ್ಲಿ ನಡೆದು ಹೋಗುತ್ತಿದ್ದರು. ಗೇಟಿನಲ್ಲಿ ಕೈ ಬಿಟ್ಟು ಅವನು ಆ ಕಡೆ, ಅವಳು ಈ ಕಡೆ. ನಾವಿಬ್ಬರೂ ಅಪ್ಪನ ಹಿಂದೆ, ಯಾಕೆಂದರೆ ಕಡಲೆಕಾಯಿ ಕೊಡಿಸುತ್ತಿದ್ದವನು ಅವನು. "ಹೋಗಿ ಹೋಗಿ, ನನ್ನ ಕಿವಿಗೂ ಸ್ವಲ್ಪ ರಜ ಸಿಗಲಿ" ಅನ್ನುತ್ತಿದ್ದಳು ಅಮ್ಮ. ಸೋತವರು ಮರುದಿನ ಕಾಫಿ ಮಾಡಿ ಹಾಸಿಗೆಗೆ ತಂದುಕೊಡಬೇಕು. ಅಮ್ಮ ಸೋತ ದಿನ ಕಾಫಿಗೆ ಉಪ್ಪು ಬೀಳುತ್ತಿತ್ತು, ಅಪ್ಪ ಮುಖ ಬದಲಿಸದೆ ಕುಡಿಯುತ್ತಿದ್ದ.

ಅಂಥವನು ಕೆಂಪು ಟೋಪಿ ಹಾಕಿದ್ದಾನೆಂದರೆ ಏನೋ ಇದೆ. ಆದರೆ ನೀನು ಅವನನ್ನೇ ಕೂರಿಸಿ ಕೇಳಿದೆಯಾ? ಕ್ಷೌರದಂಗಡಿಯವರು ಹೇಳಿದ್ದನ್ನು ಬರೆದಿದ್ದೀಯ, ಅಪ್ಪ ಹೇಳಿದ್ದು ಒಂದು ಸಾಲೂ ಇಲ್ಲ.

ನನಗೆ ಬರಲು ಆಗುವುದಿಲ್ಲ. ರಜೆ ಕೊಡುವುದಿಲ್ಲ ಇಲ್ಲಿ. ಇದನ್ನು ಎಷ್ಟು ಸಲ ಬರೆಯಲಿ.

ಇನ್ನೊಂದು ಮಾತು, ಬೇಜಾರಾಗಬೇಡ. ಅಪ್ಪನಿಗೆ ಅರಳುಮರಳು ಎಂದು ತೀರ್ಮಾನವಾದರೆ ಆ ಮನೆ ಖಾಲಿಯಾಗುತ್ತದೆ. ನಿನ್ನ ಹೆಂಡತಿ ನೂರಿಸ್‌ಗೆ ಆ ಮನೆಯ ಮೇಲೆ ಮದುವೆಯಾದಾಗಿನಿಂದ ಕಣ್ಣಿದೆ. ಇದು ಅವಳ ಯೋಚನೆಯಲ್ಲ ತಾನೆ?

ಮಿರೆಯಾ

*

ಲಾಸ್ ಮಿನಾ
26 ನವೆಂಬರ್ 1977

ಮಿರೆಯಾ,

ನಿನ್ನ ಕಾಗದದ ಕೊನೆಯ ಸಾಲುಗಳನ್ನು ನೂರಿಸ್ ಓದಿದಳು. ಒಲೆ ಮುಂದೆ ಹೋಗಿ ನಿಂತಳು. ಅಮ್ಮ ಹಾಸಿಗೆ ಹಿಡಿದಾಗ ಅವಳ ಮೈ ಒರೆಸಿದ್ದು, ಕೂದಲು ಬಾಚಿದ್ದು ನೂರಿಸ್. ನೀನಲ್ಲ. ಅಮ್ಮ ಒಂದು ಸಲವೂ ನಿನ್ನನ್ನು ಕರೆಸು ಅನ್ನಲಿಲ್ಲ. "ಅವಳು ಅಲ್ಲೇ ಇರಲಿ, ಬರೋದು ಬೇಡ" ಅನ್ನುತ್ತಿದ್ದಳು. ನೀನು ಹೇಗೂ ಬರುವವಳಲ್ಲ ಎಂದು ತಿಳಿದು, ನಿನ್ನ ಮಾನ ಉಳಿಸಲು ಹಾಗನ್ನುತ್ತಿದ್ದಳೆಂದು ನನಗೆ ಗೊತ್ತಾಗುತ್ತಿತ್ತು.

ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಡೆದದ್ದು ಇಷ್ಟು.

"ಇವತ್ತು ಯಾವ ವಾರ, ದೊನ್ ಎಲಿಹಿಯೊ?"

"ಶುಕ್ರವಾರ. ಸಂಜೆ ಆಟ ಇದೆ, ಬೇಗ ಬಿಡಿ."

"ದೇಶದ ಅಧ್ಯಕ್ಷರು ಯಾರು?"

"ಬಾಗಿಲು ಹಾಕಿ ಹೇಳ್ತೀನಿ. ಹೊರಗೆ ಜನ ಇದಾರೆ."

"ನೀವು ಯಾವ ತಂಡದವರು?"

ಅಪ್ಪ ನನ್ನ ಮುಖ ನೋಡಿದ. "ಅದನ್ನ ಇವನ ಮುಂದೆ ಹೇಳೋಕಾಗಲ್ಲ" ಅಂದ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಒಬ್ಬರೇ ಇರುವುದು ಬೇಡ, ಕಣ್ಣಿಟ್ಟಿರಿ ಅಂದರು. ಜನವರಿಯಲ್ಲಿ ಮೂರು ರಾಜರ ಹಬ್ಬ ಮುಗಿದ ಮೇಲೆ ಅಪ್ಪನನ್ನು ಇಲ್ಲಿಗೆ ಕರೆತರುತ್ತೇನೆ. ಗೇಟಿಗೆ ಬೀಗ ಹಾಕಿಸುತ್ತೇನೆ. ವೀಯಾ ಹ್ವಾನಾದ ಮನೆ ಬಾಡಿಗೆಗೆ. ಸ್ಟೇಡಿಯಂ ಬಂದ್. ದೂರದಲ್ಲಿ ಕೂತವರ ಸಲಹೆ ಬೇಕಾಗಿಲ್ಲ.

ರದಾಮೆಸ್

*

ಮಾಯಾಗ್ವೆಸ್
7 ಡಿಸೆಂಬರ್ 1977

ತಮ್ಮ,

ಮೊದಲು ನೂರಿಸ್‌ಗೆ: ತಪ್ಪಾಯಿತು. ಈ ಸಾಲನ್ನೂ ಅವಳಿಗೆ ತೋರಿಸು.

ಎರಡನೆಯದು ನಿನಗೆ. ಓದಿದ ಮೇಲೆ ಈ ಕಾಗದ ಸುಟ್ಟುಬಿಡು, ಅಪ್ಪನ ಕೈಗೆ ಸಿಗಬಾರದು.

ನಾನು ಇಲ್ಲಿಗೆ ವಿಮಾನದಲ್ಲಿ ಬಂದವಳಲ್ಲ. ವೀಸಾ ಸಿಕ್ಕಿತು, ಇಗ್ವೇ ಊರಿನ ಗೆಳತಿಯ ಮನೆಯವರು ವಿಮಾನ ಹತ್ತಿಸುತ್ತಾರೆ ಎಂದು ನಿಮಗೆಲ್ಲ ಹೇಳಿ ಹೊರಟೆನಲ್ಲ, ಅದು ಸುಳ್ಳು. ಮೀನುಗಾರರ ಮರದ ದೋಣಿಯಲ್ಲಿ ಸಮುದ್ರ ದಾಟಿ ಬಂದೆ. ಅಲೆಗಳ ವಿಷಯ ಬರೆಯುವುದಿಲ್ಲ. ನಮ್ಮ ಜೊತೆ ಹೊರಟ ಇನ್ನೊಂದು ದೋಣಿ ದಡ ಸೇರಲಿಲ್ಲ, ಅಷ್ಟು ಮಾತ್ರ ಹೇಳುತ್ತೇನೆ. ಇಷ್ಟು ವರ್ಷ ಕಾಗದಪತ್ರವಿಲ್ಲದೆ ಇದ್ದೇನೆ. ಎಫ್ರಾಯಿನ್‌ನನ್ನು ಮದುವೆಯಾದ ಮೇಲೆ ಅವನು ಅರ್ಜಿ ಹಾಕಿದ್ದಾನೆ, ತೀರ್ಮಾನ ಬಂದಿಲ್ಲ. ನಡುವೆ ಊರಿಗೆ ಹೋದರೆ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಗಂಡನ ಮುಖ ನೋಡಬೇಕಾದರೆ ಪುನಃ ದೋಣಿಯಲ್ಲೇ ಬರಬೇಕು ಎಂದು ವಕೀಲ ಹೇಳಿದ್ದ.

ಅಮ್ಮನಿಗೆ ಎಲ್ಲ ಗೊತ್ತಿತ್ತು. ಅವಳಿಗೊಬ್ಬಳಿಗೇ ಹೇಳಿ ಹೊರಟಿದ್ದೆ. "ಬರೋದು ಬೇಡ" ಅಂದಳಲ್ಲ, ಅದು ನನ್ನ ಮಾನ ಉಳಿಸಲು ಅಲ್ಲ, ನನ್ನ ಜೀವ ಉಳಿಸಲು. ಅವಳನ್ನು ಮಣ್ಣು ಮಾಡಿದ ದಿನ ನಾನು ಕೆಲಸಕ್ಕೆ ಹೋದೆ. ಮೀನಿನ ನೀರಿನಲ್ಲಿ ಕೈಯಿಟ್ಟುಕೊಂಡು ಅತ್ತರೆ ಯಾರಿಗೂ ತಿಳಿಯುವುದಿಲ್ಲ.

ಅಪ್ಪನಿಗೆ ತಿಳಿದರೆ ಎದೆ ಒಡೆಯುತ್ತದೆ. ಚಿಕ್ಕವಳಿದ್ದಾಗ ನನ್ನನ್ನು ಸಮುದ್ರದಲ್ಲಿ ಮೊಣಕಾಲುದ್ದ ನೀರಿಗೂ ಬಿಟ್ಟವನಲ್ಲ.

ಇನ್ನು ಒಂದೇ ಬೇಡಿಕೆ. ಅವನನ್ನು ಅಲ್ಲಿಂದ ಎಬ್ಬಿಸುವ ಮೊದಲು ಒಂದು ದಿನ ಹೋಗಿ ಅವನ ಪಕ್ಕದಲ್ಲಿ ಕೂತು ನೋಡು. ಅಮ್ಮನನ್ನು ಬಿಟ್ಟರೆ ನಮ್ಮ ಮನೆಯವರು ಯಾರೂ ಆ ಕಡೆ ಕೂತವರೇ ಅಲ್ಲ.

ಮಿರೆಯಾ

*

ಲಾಸ್ ಮಿನಾ
20 ಡಿಸೆಂಬರ್ 1977

ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಚೆನ್ನಾಗಿದ್ದಾನೆ. ಈಗ ಎದುರಿಗೇ ಕೂತು ನೂರಿಸ್ ಮಾಡಿದ ಹುರುಳಿಕಾಯಿಗೆ ಹೆಸರಿಡುತ್ತಿದ್ದಾನೆ. ಇನ್ನು ನಿಧಾನವಾಗಿ ಓದು.

ನಿನ್ನ ಕಾಗದ ಬಂದ ಮೇಲೆ ಒಂದು ಗುಟುಕು ನೀರು ಕುಡಿಯುವಷ್ಟೂ ಪುರಸೊತ್ತು ಸಿಗಲಿಲ್ಲ. ಶನಿವಾರ ಮಧ್ಯಾಹ್ನದ ಆಟಕ್ಕೆ ಹೋದ ಅಪ್ಪ ಮನೆಗೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪನ ಬೀದಿಯ ಮೂಲೆ ಅಂಗಡಿಯವನು ಹೇಳಿಕಳಿಸಿದ. ಓಡಿ ಹೋಗಿ ನೋಡಿದರೆ ಹಾಸಿಗೆ ಮಡಿಸಿದ ಹಾಗೇ ಇದೆ. ನೂರಿಸ್ ಆಸ್ಪತ್ರೆಗಳಿಗೆ ಹೋದಳು. ನಾನು ಸೇತುವೆಗೆ ಹೋದೆ. ಯಾಕೆ ಸೇತುವೆಗೇ ಹೋದೆ ಎಂದು ನೀನು ಕೇಳಬೇಕಾಗಿಲ್ಲ. ಅಲ್ಲಿ ಏನೂ ಇರಲಿಲ್ಲ, ಕಿತ್ತಳೆ ಮಾರುವವನೊಬ್ಬ ಇದ್ದ. ಅವನ ಪೆಟ್ಟಿಗೆಯ ಮೇಲೇ ಕೂತುಬಿಟ್ಟೆ.

ಕೊನೆಗೆ ಸ್ಟೇಡಿಯಂ. ಕಸ ಗುಡಿಸುತ್ತಿದ್ದವನು "ಯಾರು, ಕೆಂಪು ಟೋಪಿ ತಾತನಾ? ದೋನ್ಯಾ ಫೆಫಾ ಅವರ ಗುಂಪಿನ ಜೊತೆ ಟ್ರಕ್ ಹತ್ತಿದ್ರು, ಹೈನಾಕ್ಕೆ. ಹಾಡ್ಕೊಂಡು ಹೋದ್ರು" ಅಂದ. ಅಪ್ಪ ಹಾಡಿಕೊಂಡು!

ಹೈನಾದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಗೋಡೆಗೆ ಕೆಂಪು ಬಳಿದಿತ್ತು. ಹಿತ್ತಲಲ್ಲಿ ದೊಡ್ಡ ಪಾತ್ರೆಯಲ್ಲಿ ಮಾಂಸ, ಗೆಡ್ಡೆ ಹಾಕಿದ ಸಾಂಕೋಚೊ ಸಾರು ಕುದಿಯುತ್ತಿತ್ತು. ಮಾವಿನ ಮರದ ಕೆಳಗೆ ಹತ್ತು ಹನ್ನೆರಡು ಜನ, ನಡುವೆ ಒಂದು ಮೇಜಿನ ಮೇಲೆ ಅಮ್ಮನ ಪಟ, ಮೇಣದ ಬತ್ತಿ. ಅಪ್ಪ ಬನಿಯನ್ನಿನಲ್ಲಿ ಕೂತು ಗೆಣಸು ಸುಲಿಯುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಮಣ್ಣಿನ ದಿನವೂ ನಾನು ಅತ್ತಿರಲಿಲ್ಲ.

"ಬಂದ್ನಪ್ಪ ನೀಲಿ ಮಗ" ಅಂದರು ಫೆಫಾ. ದಪ್ಪ ಹೆಂಗಸು, ಬಾಯಲ್ಲಿ ಚುಟ್ಟ. "ಆ ನೀಲಿ ಟೋಪಿ ತೆಗೆದು ಒಳಗೆ ಬಾ. ನಿಮ್ಮಮ್ಮ ಹೋಗಿ ಆರು ತಿಂಗಳಾಯ್ತು, ಊಟ ಇಟ್ಕೊಂಡಿದೀವಿ. ನಿಮ್ಮಪ್ಪ ನಿಂಗೆ ಹೇಳ್ಲಿಲ್ವಾ?"

"ಹೇಳಿದ್ರೆ ಇವನು ಡಾಕ್ಟರ್‌ನ ಕರ್ಕೊಂಡು ಬರ್ತಿದ್ದ" ಅಂದ ಅಪ್ಪ.

ಅವರೆಲ್ಲ ಅಮ್ಮನ ಸಾಲಿನವರು ಅಕ್ಕ. ಸ್ಟೇಡಿಯಂ ಕಟ್ಟಿದಾಗಿನಿಂದ ಅಮ್ಮನ ಅಕ್ಕಪಕ್ಕ ಕೂತವರು. ಒಂದು ಸಲ, ಅಪ್ಪ ಬಾರದ ಆಟದಲ್ಲಿ, ಅವಳು ಅಂಪೈರ್ ಮೇಲೆ ಚಪ್ಪಲಿ ಎಸೆದಿದ್ದಳಂತೆ. ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದು, ಬಸ್ಸಿನ ನೂಕುನುಗ್ಗಲಲ್ಲಿ ಹೋಯಿತು ಎಂದು ಅಪ್ಪನಿಗೆ ಹೇಳಿದ್ದಳಂತೆ. ಅಪ್ಪ ಮರುದಿನ ಬಸ್ ನಿಲ್ದಾಣಕ್ಕೆ ಹೋಗಿ ಕಂಡಕ್ಟರ್ ಕೊರಳಪಟ್ಟಿ ಹಿಡಿದಿದ್ದ! ಅದನ್ನು ಹೇಳಿ ಎಲ್ಲರೂ ನಗುತ್ತಿದ್ದರು, ಅಪ್ಪನೇ ಎಲ್ಲರಿಗಿಂತ ಜೋರಾಗಿ.

ಊಟವಾದ ಮೇಲೆ ಅಪ್ಪನನ್ನು ಮರದ ಆಚೆ ಕರೆದುಕೊಂಡು ಹೋಗಿ ಕೇಳಿದೆ. ನೀನು ಕೇಳು ಅಂದದ್ದನ್ನು ಕೊನೆಗೂ ಕೇಳಿದೆ. ಅವನು ಹೇಳಿದ್ದನ್ನು ನೆನಪಿದ್ದಷ್ಟು ಹಾಗೇ ಬರೆಯುತ್ತೇನೆ.

"ಈ ಸಲದ ಮೊದಲನೇ ಆಟಕ್ಕೆ ನೀಲಿ ಕಡೇನೇ ಹೋಗಿದ್ದೆ ಕಣೋ. ಗೆದ್ವಿ. ಮನೆಗೆ ಬಂದೆ. ಬಯ್ಯೋರಿಲ್ಲ, ಉಪ್ಪಿನ ಕಾಫಿ ಕೊಡೋರಿಲ್ಲ. ಗೆದ್ದು ಏನು ಮಾಡ್ಲಿ? ಇನ್ನೊಂದು ದಿನ ಸುಮ್ನೆ ಅವಳು ಕೂರ್ತಿದ್ದ ಜಾಗ ನೋಡ್ಬೇಕು ಅಂತ ಆ ಕಡೆ ಹೋದೆ. ನೀಲಿ ಟೋಪೀಲಿ ಬಂದ್ರೆ ಈ ಸಾಲಲ್ಲಿ ಕೂರಿಸಲ್ಲ ಅಂದ್ಲು ಫೆಫಾ. ಅದಕ್ಕೇ ಈ ಟೋಪಿ. ಮನೇಲಿದ್ದ ನಿಮ್ಮಮ್ಮ, ಆ ಎರ್ಸಿಲಿಯಾ ನಂಗೆ ಗೊತ್ತಿದ್ಲು. ಆ ಸಾಲಲ್ಲಿ ಕೂರ್ತಿದ್ದವಳು ಗೊತ್ತೇ ಇರ್ಲಿಲ್ಲ. ಆ ಹೆಂಗಸು ಇನ್ನೂ ಮುಗಿದಿಲ್ಲ ಕಣೋ. ವಾರಾ ವಾರಾ ಹೊಸದೊಂದು ಸಿಗುತ್ತೆ."

ಆಮೇಲೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದ. "ನಿಮ್ಮಕ್ಕ ಹೊರಟ ವಾರ ಒಂದು ಆಟ ಇತ್ತು. ನಮ್ಮವನೊಬ್ಬ ಹೋಮ್ ರನ್ ಹೊಡೆದ. ಚೆಂಡು ಗೋಡೆ ದಾಟಿತು. ಈ ಕಡೆ ನಿಮ್ಮಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದ್ಲಂತೆ, ನೀಲಿಯವನ ಹೋಮ್ ರನ್ನಿಗೆ. ಸಾಲಿಗೆ ಸಾಲೇ ಬೆಪ್ಪಾಗಿ ನೋಡ್ತಂತೆ. ಅವಳಿಗೆ ಯಾರು ಹೊಡೆದರು, ಏನಾಯ್ತು, ಒಂದೂ ಕಾಣ್ತಿರ್ಲಿಲ್ಲ. ಏನಾಯ್ತೇ ಅಂತ ಫೆಫಾ ಕೇಳಿದ್ದಕ್ಕೆ, ಮಗಳು ಈಗ ನೀರಿನ ಮೇಲಿದಾಳೆ ಅಂದ್ಲಂತೆ. ಮನೇಲೇ ಉಳಿದ್ರೆ ನಂಗೆ ಅನುಮಾನ ಬರುತ್ತೆ ಅಂತ ಆಟಕ್ಕೆ ಬಂದಿದ್ಲು. ಕೊನೇವರೆಗೂ ಫೆಫಾ ಕೈ ಹಿಡ್ಕೊಂಡೇ ಕೂತಿದ್ಲಂತೆ. ಆ ಹೋಮ್ ರನ್ ನಂಗೆ ನೆನಪಿದೆ ರದಾಮೆಸ್. ನಾನು ಆಚೆ ಕಡೆ ಕುಣೀತಿದ್ದೆ."

ಅಕ್ಕ, ಅಪ್ಪನಿಗೆ ಗೊತ್ತು. ನವೆಂಬರಿನಿಂದ ಗೊತ್ತು. ಎದೆ ಒಡೆಯಲಿಲ್ಲ. "ನಿಂಗೆ ಹೇಳಿದ್ದಾಳಾ?" ಅಂತ ಕೇಳಿದ. ಹೂಂ ಅಂದೆ. "ಸರಿ ಹಾಗಾದ್ರೆ. ಅವಳಾಗೇ ಹೇಳಲಿ ಅಂತ ಕಾಯ್ತಿದ್ದೆ. ದಡ ಸೇರಿದ್ಲಲ್ಲ, ಇನ್ನೇನು ಬೇಕು. ಬರಿ ಅವಳಿಗೆ, ಅಪ್ಪ ಬೈಯಲ್ಲ ಅಂತ."

ಬೀಗದ ಮಾತು ಬಿಟ್ಟಿದ್ದೇನೆ. ಮನೆ ಅವನದೇ.

ನಿನ್ನ ತಮ್ಮ
ರದಾಮೆಸ್

*

ಮಾಯಾಗ್ವೆಸ್
3 ಜನವರಿ 1978

ರದಾಮೆಸ್,

ನಿನ್ನ ಕಾಗದ ಕ್ರಿಸ್ಮಸ್ ಮುಗಿದ ಮೇಲೆ ಬಂತು. ಎಫ್ರಾಯಿನ್ ಓದಿ ಹೇಳಿದ, ನನ್ನ ಕೈಯಲ್ಲಿ ಆಗಲಿಲ್ಲ. ಆ ಚಪ್ಪಾಳೆಯ ಜಾಗಕ್ಕೆ ಬಂದಾಗ ಅವನೂ ಓದು ನಿಲ್ಲಿಸಿ ಕಣ್ಣೊರೆಸಿಕೊಂಡ. ಬೇಸ್‌ಬಾಲ್ ಎಂದರೆ ಮಾಯಾಗ್ವೆಸ್ ತಂಡ ಬಿಟ್ಟು ಜಗತ್ತಿನಲ್ಲಿ ಬೇರೇನಿದೆ ಅನ್ನುವ ಮನುಷ್ಯ ಅವನು.

ನಾನು ದೋಣಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಅಮ್ಮ ಏನು ಮಾಡುತ್ತಿರಬಹುದು ಎಂದು ಯೋಚಿಸಿದ್ದೆ. ಅಡುಗೆಮನೆಯಲ್ಲಿ ಅಳುತ್ತಿದ್ದಾಳೆ ಅಂದುಕೊಂಡಿದ್ದೆ. ಆ ಗದ್ದಲದ ನಡುವೆ, ಯಾರದೋ ಕೈ ಹಿಡಿದು ಕೂತಿದ್ದಳೆಂದು ಎಣಿಸಿರಲಿಲ್ಲ. ಅವಳು ಒಂಟಿಯಾಗಿರಲಿಲ್ಲವಲ್ಲ, ಅದೇ ದೊಡ್ಡದು. ಎದೆಯ ಮೇಲೆ ಇಷ್ಟು ವರ್ಷ ಕೂತಿದ್ದ ಕಲ್ಲು ಇಳಿದು ಹೋಯಿತು ತಮ್ಮ. ಮೊನ್ನೆ ರಾತ್ರಿ ಮಲಗಿದವಳು ಬಿಸಿಲೇರಿದ ಮೇಲೆ ಎದ್ದೆ.

ಅಪ್ಪನಿಗೆ ಬೇರೆಯಾಗಿ ಬರೆದಿದ್ದೇನೆ. ನಾಚಿಕೆಯಾಗುತ್ತದೆ, ನೀನು ಓದಬೇಡ.

ನೀನು ಒಂದು ದಿನ ಅವನ ಜೊತೆ ಹೋಗಲೇಬೇಕು. ಹೋಗಿ ಬಂದು ಬರಿ.

ಮಿರೆಯಾ

*

ಲಾಸ್ ಮಿನಾ
22 ಜನವರಿ 1978

ಅಕ್ಕ,

ಹೋದೆ. ನನ್ನನ್ನು ಯಾಕೆ ಕಳಿಸಿದೆಯೋ!

ಕೆಂಪು ಟೋಪಿ ಹಾಕಲಾರೆ ಎಂದು ಬರಿ ತಲೆಯಲ್ಲಿ ಹೋದೆ. ಆಚೆ ಕಡೆಯಿಂದ ನನ್ನ ಗೆಳೆಯರು ನೋಡಿಬಿಟ್ಟರು. ಈಗ ಕ್ಷೌರದಂಗಡಿಗೆ ನಾನೂ ಹೋಗುವಂತಿಲ್ಲ, ಗಡ್ಡ ಬೆಳೆದಿದೆ. ಫೆಫಾ ನನ್ನ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಈರುಳ್ಳಿ ತಿನ್ನದೋನು ಇವನೇನಾ? ಪ್ರತಿ ಆಟಕ್ಕೂ ನಿಮ್ಮಮ್ಮಂಗೆ ನಿಂದೇ ಗೋಳು ಕಣಪ್ಪ. ನನ್ನ ಮಗ ಈರುಳ್ಳಿ ತಿನ್ನಲ್ಲ, ಮಾತೂ ಆಡಲ್ಲ, ಮನಸ್ಸಲ್ಲೇ ಇಟ್ಕೊಂಡು ಕೊರಗ್ತಾನೆ ಅಂತ" ಅಂದರು. ಅಮ್ಮ ನನ್ನ ಬಗ್ಗೆ ಮಾತಾಡುತ್ತಿದ್ದಳೆಂದು ನನಗೆ ತಿಳಿದೇ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತೆಲ್ಲ ನಿನ್ನ ಬಗ್ಗೆಯೇ ಇರುತ್ತಿತ್ತು.

ಇನ್ನೊಂದು ಗುಟ್ಟು. ಐದನೇ ಇನಿಂಗ್ಸಿನಲ್ಲಿ ನಮ್ಮವರು ಎರಡು ರನ್ ಹೊಡೆದರು. ಅಪ್ಪನ ಕಡೆ ನೋಡಿದೆ. ತುಟಿ ಕಚ್ಚಿಕೊಂಡು, ಸತ್ತವರ ಮನೆಗೆ ಬಂದವನ ಹಾಗೆ ತಲೆ ತಗ್ಗಿಸಿ ಕೂತಿದ್ದ. ಬೆಂಚಿನ ಕೆಳಗೆ ಕಾಲು ಮಾತ್ರ ಕುಣಿಯುತ್ತಿತ್ತು. "ಒಳಗೆ ನೀಲಿನೇ ಕಣೋ," ಅಂತ ಕಿವಿಯಲ್ಲಿ ಹೇಳಿದ, "ಫೆಫಾಗೆ ಹೇಳಿಬಿಟ್ಟೀಯ." ಫೆಫಾ ಮೈದಾನದಿಂದ ಕಣ್ಣು ತೆಗೆಯದೆಯೇ, "ನಮಗೆಲ್ಲ ಗೊತ್ತು ದೊನ್ ಎಲಿಹಿಯೊ, ನೆಮ್ಮದಿಯಾಗಿ ಕೂತ್ಕೊಳಿ" ಅಂದರು.

ವಾಪಸು ಬರುವಾಗ ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ನಡೆದ. ದಾರಿ ಮರೆಯಲಿಲ್ಲ. ದಾರಿ ತಪ್ಪಿದ್ದು ನಾನು. ಮಾತಿನ ಭರದಲ್ಲಿ ಬಲಕ್ಕೆ ತಿರುಗಬೇಕಾದಲ್ಲಿ ನೇರ ಹೊರಟಿದ್ದೆ, ಅವನೇ ಎಳೆದುಕೊಂಡ.

ನೂರಿಸ್ ಕೇಳುತ್ತಿದ್ದಾಳೆ, ನಿನ್ನ ಕಾಗದಪತ್ರದ ವಿಷಯ ಏನಾಯಿತು?

ರದಾಮೆಸ್

*

ಮಾಯಾಗ್ವೆಸ್
6 ಫೆಬ್ರವರಿ 1978

ರದಾಮೆಸ್, ನೂರಿಸ್, ಅಪ್ಪ,

ಮೂವರೂ ಒಟ್ಟಿಗೆ ಕೂತು ಓದಿ.

ಎಫ್ರಾಯಿನ್ ಹಾಕಿದ ಅರ್ಜಿ ಒಪ್ಪಿಗೆಯಾಯಿತು. ಕೊನೆಯ ಸಹಿ ಸಾಂತೊ ದೊಮಿಂಗೊದ ಅಮೆರಿಕನ್ ಕಾನ್ಸಲ್ ಕಚೇರಿಯಲ್ಲೇ ಆಗಬೇಕಂತೆ. ಇಲ್ಲಿ ನೆಟ್ಟಗೆ ಬದುಕಬೇಕಾದರೆ ಮೊದಲು ಅಲ್ಲಿಗೆ ಬಂದೇ ತೀರಬೇಕು. ವಕೀಲ ಇದನ್ನು ಬಹಳ ಬೇಸರದಿಂದ, ತಪ್ಪು ತನ್ನದೇ ಎನ್ನುವ ಹಾಗೆ ಹೇಳಿದ. ನಾನು ಎದ್ದು ಅವನ ಕೈ ಹಿಡಿದುಕೊಂಡೆ. ಅವನಿಗೆ ಏನೂ ಅರ್ಥವಾಗಲಿಲ್ಲ.

ಇದೇ ತಿಂಗಳ ಇಪ್ಪತ್ತಕ್ಕೆ ಬರುತ್ತೇನೆ. ವಿಮಾನದಲ್ಲಿ. ಎಫ್ರಾಯಿನ್ ಕೂಡ ಜೊತೆಗಿರುತ್ತಾನೆ. ಕಿಟಕಿ ಪಕ್ಕದ ಸೀಟು ನನಗೇ ಬೇಕೆಂದು ಹೇಳಿದ್ದೇನೆ. ಆ ನೀರನ್ನು ಒಂದು ಸಲ ಮೇಲಿನಿಂದ ನೋಡಬೇಕು.

ಮೊದಲು ಅಮ್ಮನ ಹತ್ತಿರ ಹೋಗೋಣ. ಆಮೇಲೆ ಹೈನಾಕ್ಕೆ. ಫೆಫಾ ಅವರ ಕೈ ಒಮ್ಮೆ ಹಿಡಿದುಕೊಳ್ಳಬೇಕು. ವಿಮಾನ ನಿಲ್ದಾಣಕ್ಕೆ ಬೀದಿಯವರನ್ನೆಲ್ಲ ಕಟ್ಟಿಕೊಂಡು ಬರಬೇಡಿ ಎಂದು ಅಪ್ಪನಿಗೆ ಹೇಳಿದರೆ ಕೇಳುವುದಿಲ್ಲ, ಅದಕ್ಕೇ ಹೇಳುವುದಿಲ್ಲ.

ಅಷ್ಟು ಹೊತ್ತಿಗೆ ಈ ವರ್ಷದ ಆಟವೆಲ್ಲ ಮುಗಿದು ಸ್ಟೇಡಿಯಂ ಬಾಗಿಲು ಹಾಕಿರುತ್ತದೆ ಎಂದು ಎಫ್ರಾಯಿನ್ ಪೇಚಾಡುತ್ತಿದ್ದಾನೆ. ಹಾಕಲಿ ಬಿಡು. ನಾನು ಬರುತ್ತಿರುವುದು ಮನೆಗೆ.

ಮಿರೆಯಾ